ಬೇಳೆ ಬೇಗ ಬೇಯುವ ನೀರೆಲ್ಲ ಒಳ್ಳೆಯ ನೀರೇ?



1998ರಲ್ಲಿ ನಾವು ಹೈದರಾಬಾದಿನಿಂದ ನಲ್ಗೊಂಡ ಜಿಲ್ಲೆಯ ಒಂದು ಊರಿಗೆ ಮದುವೆ ಅಡುಗೆಗೆ ಹೋಗಿದ್ದೆವು. ಅಲ್ಲಿಯ ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಬೆಣ್ಣೆಯಂತೆ ಬೆಂದಿತು. "ಎಂಥಾ ನೀರು ಅಣ್ಣಾ!" ಎಂದು ಭಟ್ಟರು ಹೊಗಳಿದರು. ನೀರು ಹೊತ್ತು ತಂದ ಹುಡುಗ ನಕ್ಕಾಗ ನೋಡಿದರೆ ಹಲ್ಲಿನ ತುಂಬಾ ಕಂದು ಗೆರೆ. ಅವನ ತಾತನಿಗೆ ಬೆನ್ನು ಬಗ್ಗುತ್ತಿರಲಿಲ್ಲ. ಅದು ಫ್ಲೋರೈಡಿನ ಕೆಲಸ.

ಈ ಫ್ಲೋರೈಡ್ ಯಾರೋ ಕಾರ್ಖಾನೆಯವರು ಬಿಟ್ಟದ್ದಲ್ಲ, ಕಲ್ಲಿನಿಂದಲೇ ಬರುತ್ತದೆ. ಭೂರಸಾಯನ ವಿಜ್ಞಾನಿಗಳು ಅಲ್ಲಿಯ ಗ್ರಾನೈಟ್ ಕಲ್ಲನ್ನೂ ನೀರನ್ನೂ ಒಟ್ಟಿಗೆ ಪರೀಕ್ಷಿಸುತ್ತಾರೆ. ಕಲ್ಲಿನೊಳಗಿನ ಫ್ಲೋರೈಟ್, ಅಪಟೈಟ್, ಕಪ್ಪು ಕಾಗೆಬಂಗಾರ, ಇವುಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಿದ್ದರೆ ಫ್ಲೋರೈಡ್ ಹೆಚ್ಚು ಕರಗಲಾರದು. ಕ್ಯಾಲ್ಸಿಯಂ ಕಡಿಮೆಯಾದರೆ ಅದಕ್ಕೆ ಹಿಡಿತವಿಲ್ಲ. ಬೇಳೆ ಬೇಗ ಬೇಯುವುದೂ ಕ್ಯಾಲ್ಸಿಯಂ ಕಡಿಮೆಯಿರುವ ನೀರಿನಲ್ಲೇ! ನಾವು ಹೊಗಳಿದ ಗುಣವೇ ಅಲ್ಲಿ ಅಪಾಯದ ಗುರುತಾಗಿತ್ತು. ಹಾಗೆಂದು ಗಡಸು ನೀರೆಲ್ಲ ಕ್ಷೇಮ ಎಂದು ತಿಳಿಯಬಾರದು.

ಹೈದರಾಬಾದಿನ ದಕ್ಷಿಣಕ್ಕಿರುವ ಮಹೇಶ್ವರಂನಲ್ಲಿ ಎನ್‌ಜಿಆರ್‌ಐ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಇನ್ನೊಂದು ಸಂಗತಿ ಕಂಡರು. ಬೋರ್ ನೀರನ್ನು ಭತ್ತದ ಗದ್ದೆಗೆ ಬಿಡುತ್ತಾರೆ. ಬಿಸಿಲಿಗೆ ಅರ್ಧಂಬರ್ಧ ಆವಿಯಾಗಿ, ಉಳಿದದ್ದು ಮತ್ತೆ ನೆಲಕ್ಕಿಳಿಯುತ್ತದೆ. ಮತ್ತೆ ಮೇಲೆತ್ತುತ್ತಾರೆ. ಸಾರು ಕುದಿಸಿ ಕುದಿಸಿ ಉಪ್ಪೇರಿದಂತೆಯೇ. ಕ್ಯಾಲ್ಸಿಯಂ ಸುಣ್ಣಗಲ್ಲಾಗಿ ಮಣ್ಣಿನಲ್ಲಿ ಕೂರುತ್ತದೆ, ಫ್ಲೋರೈಡ್ ನೀರಿನಲ್ಲೇ ಏರುತ್ತದೆ.

ಆದ್ದರಿಂದ ಕುದಿಸಿದರೆ ಫ್ಲೋರೈಡ್ ಹೋಗದು. ಕ್ರಿಮಿ ಸಾಯುತ್ತದೆ, ಅಷ್ಟೇ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದರೆ 1.5ರವರೆಗೆ. ಪಟಿಕ, ಸುಣ್ಣ ಹಾಕಿ ಇಳಿಸುವ ನೀರಿಯವರ ವಿಧಾನಕ್ಕೆ ನಲ್ಗೊಂಡದ್ದೇ ಹೆಸರು. ಆರ್‌ಒ ಯಂತ್ರವೂ ತೆಗೆಯುತ್ತದೆ.

ಪರೀಕ್ಷೆಗೆ ಕೊಡುವಾಗ ನಾವು ಮಾಡಿದ ತಪ್ಪು ನೀವು ಮಾಡಬೇಡಿ. ಮೊದಲ ಸಲ ಮೇಲಿನ ಟ್ಯಾಂಕಿನಿಂದ ಹಿಡಿದೆವು. ಅದರಲ್ಲಿ ನಲ್ಲಿ ನೀರೂ ಬೆರೆತಿತ್ತು, ಚೀಟಿಗೆ ಕೊಟ್ಟ ಹಣ ದಂಡ. ವಿಜ್ಞಾನಿಗಳು ಪಂಪು ಓಡಿಸಿ, ಕೊಳವೆಯಲ್ಲಿ ನಿಂತ ನೀರನ್ನು ಚೆಲ್ಲಿ, ಅಳತೆಗಳು ಒಂದೇ ಸಮ ಬಂದ ಮೇಲೆಯೇ ಬಾಟಲಿ ಒಡ್ಡುತ್ತಾರೆ. ಬಾಟಲಿ ಪ್ಲಾಸ್ಟಿಕ್‌ನದೇ ಆಗಿರಲಿ, ಅದೇ ನೀರಿನಿಂದ ಎರಡು ಮೂರು ಸಲ ತೊಳೆಯಿರಿ.

ಟ್ಯಾಂಕರ್ ತರಿಸುವವರ ಪಾಡು ಬೇರೆ. ಬೇಸಿಗೆಯಲ್ಲಿ ಒಂದು ಬೋರ್ ಬತ್ತಿದರೆ ಅವರು ಇನ್ನೊಂದಕ್ಕೆ ಹೋಗುತ್ತಾರೆ, ಹಳೆಯ ಚೀಟಿ ಹೊಸ ನೀರಿಗೆ ಲೆಕ್ಕವಿಲ್ಲ. ಮೊನ್ನೆ ನಮ್ಮ ಟ್ಯಾಂಕರಿನವನನ್ನು ಯಾವ ಬೋರಿನದು ಎಂದು ಕೇಳಿದೆವು, ಅವನಿಗೇ ಗೊತ್ತಿರಲಿಲ್ಲ. ಆ ನೀರನ್ನು ಪಾತ್ರೆ ತೊಳೆಯಲು ಬಿಟ್ಟು, ಕುಡಿಯಲಿಕ್ಕೂ ಅಡುಗೆಗೂ ಕ್ಯಾನ್ ತರಿಸಿದೆವು.