ಗಿನಿಪಿಗ್ಗಿಗೆ ಹಣ್ಣು ಕೊಡುವ ಕ್ರಮ



ಮನೆಯಲ್ಲಿ ಸಾಕಿದ ಪ್ರಾಣಿಗೆ ತಾವು ಉಣ್ಣುವದರಲ್ಲಿ ಒಂದು ತುತ್ತು ಕೊಡುವದು ನಮ್ಮ ಸೀಮೆಯ ಹೆಣ್ಣುಮಕ್ಕಳ ರೂಢಿಯಾಗಿದೆ. ಮೊರಬದಂಥ ಒಕ್ಕಲುತನದ ಊರಿನಲ್ಲಿ ಆಕಳು, ಎಮ್ಮೆ, ಆಡುಗಳ ಸ್ವಭಾವವನ್ನು ಬಾಲಿಕೆಯರು ಹಿರಿಯರಿಂದಲೇ ಕಲಿಯುವರು. ಆದರೆ ಈಗ ಕೆಲವು ಮನೆಗಳಿಗೆ ಪಟ್ಟಣದಿಂದ ಬರುವ ಗಿನಿಪಿಗ್ಗೆಂಬ ಸಣ್ಣ ಪ್ರಾಣಿಯ ವಿಷಯದಲ್ಲಿ ಅಜ್ಜಿಯಾಗಲಿ ತಾಯಿಯಾಗಲಿ ಹೇಳಿಕೊಡತಕ್ಕ ಅನುಭವವಿಲ್ಲ. ಆದದರಿಂದ ಪೇರಲ ಕೊಡಬಹುದೇ, ಬಾಳೆಹಣ್ಣು ಎಷ್ಟು ಕೊಡಬೇಕು ಎಂಬ ಪ್ರಶ್ನೆಗಳಿಗೆ ಇಲ್ಲಿ ಕ್ರಮವಾಗಿ ಉತ್ತರ ಹೇಳಬೇಕೆಂದಿರುವೆವು. ಈ ಮೂಕ ಪ್ರಾಣಿಯ ಜೀವವು ಸಾಕುವವಳ ತಿಳಿವಳಿಕೆಯನ್ನೇ ನೆಚ್ಚಿಕೊಂಡಿರುವದು.

1. ಪ್ರಾಣಿಯ ಪರಿಚಯ

ಹೆಸರು ಗಿನಿಪಿಗ್ಗೆಂದಿದ್ದರೂ ಇದು ಹಂದಿಯಲ್ಲ; ಗಿನಿ ದೇಶದ್ದೂ ಅಲ್ಲ. ಇಲಿ, ಅಳಿಲುಗಳಂತೆ ಇದೂ ದಂಶಕ ವರ್ಗಕ್ಕೆ ಸೇರಿದ್ದು. ದಕ್ಷಿಣ ಅಮೇರಿಕೆಯ ಆಂಡೀಸ್ ಪರ್ವತಗಳ ಜನರು ಇದನ್ನು ಸಾವಿರಾರು ವರ್ಷಗಳ ಹಿಂದೆಯೇ ಪಳಗಿಸಿದರು. 16ನೆಯ ಶತಮಾನದಲ್ಲಿ ಇದು ಯೂರೋಪಿಗೆ ಬಂದಿತು. ಇದರ ಹಲ್ಲುಗಳು ಜೀವಮಾನವೆಲ್ಲ ಬೆಳೆಯುತ್ತಲೇ ಇರುವವು. ಹುಲ್ಲನ್ನು ಅಗಿಯುತ್ತಿದ್ದರೆ ಮಾತ್ರ ಅವು ಸವೆದು ಸರಿಯಾದ ಅಳತೆಯಲ್ಲಿ ನಿಲ್ಲುವವು. ಆದಕಾರಣ ಇದರ ಮುಖ್ಯ ಆಹಾರವು ಒಣಹುಲ್ಲೇ. ಅದು ಹಗಲೂ ರಾತ್ರಿಯೂ ಮುಂದಿರಬೇಕು. ನಮ್ಮ ಬದುಗಳಲ್ಲಿ ಬೆಳೆಯುವ ಗರಿಕೆಯನ್ನು ತೊಳೆದು ಕೊಟ್ಟರೆ ಅದೂ ಒಳ್ಳೆಯದು. ಆದರೆ ಔಷಧ ಸಿಂಪಡಿಸಿದ ಹತ್ತಿಯ ಹೊಲದ ಬದುವಿನ ಹುಲ್ಲನ್ನು ಎಂದೂ ತರಲಾಗದು.

2. ಹಣ್ಣು, ತರಕಾರಿ ಯಾಕೆ ಬೇಕು?

ನಾಯಿ, ಬೆಕ್ಕು, ಆಕಳು ಮೊದಲಾದ ಬಹುತರ ಪ್ರಾಣಿಗಳು ‘ಸಿ’ ಜೀವಸತ್ವವನ್ನು ತಮ್ಮ ಶರೀರದಲ್ಲಿಯೇ ಉತ್ಪನ್ನ ಮಾಡಿಕೊಳ್ಳುವವು. ಮನುಷ್ಯರಿಗೂ ಗಿನಿಪಿಗ್ಗಿಗೂ ಆ ಶಕ್ತಿಯಿಲ್ಲ. 1907ರಲ್ಲಿ ನಾರ್ವೆ ದೇಶದ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ಪಂಡಿತರು ಗಿನಿಪಿಗ್ಗುಗಳಿಗೆ ಬರಿಯ ಧಾನ್ಯವನ್ನು ತಿನ್ನಿಸಿ ನೋಡಿದರು. ಅವುಗಳಿಗೆ ಹಡಗಿನ ನಾವಿಕರಿಗೆ ಬರುತ್ತಿದ್ದ ಸ್ಕರ್ವಿ ರೋಗವೇ ಬಂದಿತು. ಎಲೆಕೋಸು, ನಿಂಬೆಯ ರಸಗಳಿಂದ ಅದು ದೂರವಾಯಿತು. ನಮ್ಮ ದೇಶದಲ್ಲಿಯೂ ನೀಲಗಿರಿಯ ಕುನೂರಿನಲ್ಲಿ ಮೆಕ್‌ಕ್ಯಾರಿಸನ್ ಎಂಬ ವೈದ್ಯರು 1918ರಲ್ಲಿ ಒಂದೇ ಕೋಣೆಯ ಪ್ರಯೋಗಶಾಲೆಯಿಂದ ಆಹಾರಸಂಶೋಧನೆಯನ್ನು ಆರಂಭಿಸಿ, ಗಿನಿಪಿಗ್ಗುಗಳ ಮೇಲೂ ಇಂಥ ಪರೀಕ್ಷೆಗಳನ್ನು ಮಾಡಿದರು. ಆ ಸಂಸ್ಥೆಯು 1958ರಲ್ಲಿ ಹೈದರಾಬಾದಿಗೆ ಹೋಗಿ, ಈಗ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿರುವದು. ನಮ್ಮ ಆರೋಗ್ಯದ ಜ್ಞಾನಕ್ಕಾಗಿ ಈ ಪ್ರಾಣಿಯು ಎಷ್ಟೋ ನೋವನ್ನು ಉಂಡಿದೆ. ಅದನ್ನು ಸಾಕುವವರು ಆ ಜ್ಞಾನವನ್ನು ಅದರ ಹಿತಕ್ಕೂ ಉಪಯೋಗಿಸುವದು ನ್ಯಾಯವಲ್ಲವೇ?

ನಮ್ಮ ಮನೆಗಳಲ್ಲಿ ಜೋಳ, ಕಡಲೆ, ಹೆಸರುಗಳಿಗೆ ಕೊರತೆಯಿಲ್ಲವೆಂದು ಅವನ್ನೇ ಹಾಕಿ ಸಾಕಹೋದರೆ ನಾರ್ವೆಯಲ್ಲಿ ಆದದ್ದೇ ಇಲ್ಲಿಯೂ ಆಗುವದು. ದೊಡ್ಡ ಗಿನಿಪಿಗ್ಗಿಗೆ ದಿನಕ್ಕೆ 10 ರಿಂದ 30 ಮಿಲಿಗ್ರಾಂ ‘ಸಿ’ ಜೀವಸತ್ವ ಬೇಕು. ಗಬ್ಬವಾದದ್ದಕ್ಕೆ ಇನ್ನೂ ಹೆಚ್ಚು. ಶರೀರವು ಇದನ್ನು ಕೂಡಿಡಲಾರದು. ಕೆಲವು ವಾರ ತಪ್ಪಿದರೆ ಸಂದುಗಳು ಬಾತು, ಒಸಡು ಸಡಿಲಾಗಿ, ಪ್ರಾಣಿಯು ನಡೆಯಲಾರದೆ ಕೂಡುವದು.

3. ಹೆಚ್ಚಾದರೆ ಕೇಡು ಯಾಕೆ?

ಹಾಗಾದರೆ ಹಣ್ಣನ್ನು ಬೇಕಾದಷ್ಟು ಕೊಡಬಹುದಲ್ಲವೇ ಎಂದು ನೀವು ಕೇಳುವಿರಿ. ಕೊಡಬಾರದು. ಗಿನಿಪಿಗ್ಗಿನ ಹೊಟ್ಟೆಯಲ್ಲಿ ಒಂದು ದೊಡ್ಡ ಕುರುಡುಕರುಳು ಇದೆ. ಅದರಲ್ಲಿರುವ ಅಸಂಖ್ಯ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಹುದುಗಿಸಿ ಆಹಾರವಾಗಿ ಮಾರ್ಪಡಿಸುವವು. ಸಕ್ಕರೆಯು ಹೆಚ್ಚಾಗಿ ಬಂದರೆ ಉಪಕಾರಿಗಳಾದ ಜೀವಿಗಳು ಕುಗ್ಗಿ ಕೆಟ್ಟವು ಹೆಚ್ಚುವವು. ವಾಯು ತುಂಬಿ ಹೊಟ್ಟೆ ಉಬ್ಬುವದು. ಈ ಪ್ರಾಣಿಯು ವಾಂತಿ ಮಾಡಲಾರದು. ಅಲ್ಲದೆ ಸಿಹಿಯ ರುಚಿ ಹತ್ತಿದ ಮೇಲೆ ಹುಲ್ಲನ್ನು ಬಿಡುವದು. ಆಗ ಹಲ್ಲು ಬೆಳೆದು ಬಾಯಿಗೆ ನಾಟುವವು. ಅದು ಆಶೆಯಿಂದ ತಿನ್ನುವದೆಂಬ ಮಾತ್ರಕ್ಕೆ ಅದಕ್ಕೆ ಹಿತವೆಂದು ತಿಳಿಯತಕ್ಕದ್ದಲ್ಲ.

ಆದದರಿಂದ ನಿತ್ಯದ ‘ಸಿ’ ಜೀವಸತ್ವವು ತರಕಾರಿಯಿಂದ ಬರಲಿ. ಹಣ್ಣು ವಾರಕ್ಕೆ ಒಂದೆರಡು ಸಲದ ಸವಿಯಾಗಿರಲಿ. ದೊಣ್ಣ ಮೆಣಸಿನಕಾಯಿಯ ಬೀಜ ತೆಗೆದ ಒಂದು ಹೋಳನ್ನು, ಸ್ವಲ್ಪ ಕೊತ್ತಂಬರಿಯೊಡನೆ ದಿನಾಲು ಕೊಟ್ಟರೆ ಸಾಕು. ಖಾರದ ಮೆಣಸಿನಕಾಯಿ ಕೂಡದು. ನುಗ್ಗೆಸೊಪ್ಪಿನಲ್ಲಿ ಸುಣ್ಣದ ಅಂಶವು ಬಹಳ; ಅದು ಮೂತ್ರದಲ್ಲಿ ಕಲ್ಲುಗಟ್ಟಬಹುದಾದ್ದರಿಂದ ಅಪರೂಪವಾಗಿ ಮಾತ್ರ ಕೊಡತಕ್ಕದ್ದು.

4. ನಮ್ಮ ಪೇಟೆಯ ಹಣ್ಣುಗಳು

ಪೇರಲ: ಎಲ್ಲಕ್ಕೂ ಉತ್ತಮ. 100 ಗ್ರಾಂ ಪೇರಲದಲ್ಲಿ ಸುಮಾರು 200 ಮಿಲಿಗ್ರಾಂ ‘ಸಿ’ ಜೀವಸತ್ವ ಇರುವದು. ಹೆಬ್ಬೆರಳ ತುದಿಯಷ್ಟು, ಎಂದರೆ 10 ಗ್ರಾಮಿನ ಹೋಳಿನಲ್ಲಿಯೇ ಒಂದು ದಿನದ ಪಾಲು ಸಿಕ್ಕಿತು. ನಡುವಿನ ಗಟ್ಟಿ ಬೀಜಗಳನ್ನು ತೆಗೆಯಿರಿ.

ನೆಲ್ಲಿಕಾಯಿ: ‘ಸಿ’ ಜೀವಸತ್ವದಲ್ಲಿ ಪೇರಲಕ್ಕಿಂತಲೂ ಮಿಗಿಲು, ಆದರೆ ಬಲು ಹುಳಿ. ಉಗುರಿನಷ್ಟು ಚೂರು ಸಾಕು.

ಕಲ್ಲಂಗಡಿ: ಕೆಂಪು ತಿರುಳಿಗಿಂತ ಬಿಳಿಯ ಭಾಗದಲ್ಲಿ ಸಕ್ಕರೆ ಕಡಿಮೆ, ಅದನ್ನೇ ಸ್ವಲ್ಪ ಕೊಡಿರಿ.

ಬಾಳೆ, ದ್ರಾಕ್ಷಿ, ಮಾವು: ಇವು ಸಕ್ಕರೆ ತುಂಬಿದ ಹಣ್ಣುಗಳು. ಬಾಳೆಯ ಒಂದು ತೆಳ್ಳನೆಯ ಬಿಲ್ಲೆ, ಇಲ್ಲವೆ ಚೆನ್ನಾಗಿ ತೊಳೆದ ಬೀಜರಹಿತ ದ್ರಾಕ್ಷಿಯ ಅರ್ಧ, ಇಲ್ಲವೆ ಮಾವಿನ ತಿರುಳಿನ ಚೂರು, ಇವುಗಳಲ್ಲಿ ಒಂದು ಮಾತ್ರ, ಅದೂ ಯಾವಾಗಲಾದರೊಮ್ಮೆ.

ಸೇಬು, ಬಾರೆಹಣ್ಣು: ಸೇಬಿನ ಬೀಜದಲ್ಲಿ ವಿಷಾಂಶವಿರುವದು, ಬಾರೆಯ ಗೊರಟ ಬಾಯಿಗೆ ಅಪಾಯ. ಎರಡನ್ನೂ ತೆಗೆದ ಹೊರತು ಕೊಡಲಾಗದು.

5. ಕೊಡಲೇಬಾರದವು

ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟೆ, ಬೆಣ್ಣೆಹಣ್ಣು, ಚಾಕೊಲೇಟು, ಉಪ್ಪಿನಕಾಯಿ ಇವು ವರ್ಜ್ಯ. ಒಣದ್ರಾಕ್ಷಿ, ಖರ್ಜೂರ, ಬೆಲ್ಲಗಳು ಸಕ್ಕರೆಯ ಗಟ್ಟಿಗಳೇ. ಮನೆಗೆ ಧಾರವಾಡದ ಫೇಡೆ ಬಂದ ದಿನ ಗಿನಿಪಿಗ್ಗಿಗೂ ಒಂದು ಚೂರು ಎಂದು ತಮ್ಮತಂಗಿಯರು ಓಡಿ ಬರುವರು. ಅವರನ್ನು ಮೆಲ್ಲನೆ ತಡೆಯಿರಿ. ಎಳೆಯ ಜೋಳದ ಪೈರು ದನಗಳಿಗೂ ವಿಷವೆಂಬದನ್ನು ನಿಮ್ಮ ಹಿರಿಯರು ಬಲ್ಲರು. ಅಂಗೈಯಷ್ಟಿರುವ ಈ ಪ್ರಾಣಿಗೆ ಅದನ್ನು ತೋರಿಸಲೂ ಕೂಡದು.

6. ಕೊಡುವ ರೀತಿ

ಹೊಸ ಹಣ್ಣನ್ನು ಒಂದೊಂದಾಗಿ ಆರಂಭಿಸಿರಿ. ಮೊದಲ ದಿನ ಕಡಲೆಕಾಳಿನಷ್ಟು ಕೊಟ್ಟು, ಎರಡು ದಿನ ಹಿಕ್ಕೆಯನ್ನು ನೋಡಿರಿ. ಹಣ್ಣನ್ನು ತೊಳೆದು, ಒರಸಿ, ಹುಲ್ಲು ತಿಂದ ಮೇಲೆ ಕೊಡಿರಿ. ತಿನ್ನದೆ ಬಿಟ್ಟದ್ದನ್ನು ಒಂದೆರಡು ತಾಸಿನೊಳಗೆ ತೆಗೆಯಿರಿ. ನಮ್ಮ ಎರೆಸೀಮೆಯ ಬೇಸಿಗೆಯಲ್ಲಿ ಅದು ಬೇಗ ಹುಳಿತು ಇರುವೆ ಮುತ್ತುವದು. ಮನೆಯಲ್ಲಿ ಹಣ್ಣು ಕೊಡುವ ಕೈ ಒಂದೇ ಇರಲಿ. ನಾಲ್ವರು ಒಬ್ಬರಿಗೊಬ್ಬರು ತಿಳಿಯದಂತೆ ಒಂದೊಂದು ಹೋಳು ಕೊಟ್ಟರೆ ಪ್ರಾಣಿಗೆ ನಾಲ್ಕು ಪಾಲಾಗುವದು.

7. ಅಪಾಯದ ಲಕ್ಷಣಗಳು

ಬೇಟೆಗೆ ಈಡಾಗುವ ಪ್ರಾಣಿಗಳು ತಮ್ಮ ರೋಗವನ್ನು ಬಚ್ಚಿಡುವವು. ಹಿಕ್ಕೆ ಮೆತ್ತಗಾದರೆ ಹಣ್ಣನ್ನು ಕೂಡಲೆ ನಿಲ್ಲಿಸಿ ಹುಲ್ಲು, ನೀರು ಇಷ್ಟನ್ನೇ ಇಡಿರಿ. ಹೊಟ್ಟೆಯುಬ್ಬರ, ಮೈ ಮುದುಡಿ ಕೂಡುವದು, ನೀರಾಗಿ ಭೇದಿಯಾಗುವದು, ಅರ್ಧ ದಿನ ಏನೂ ತಿನ್ನದಿರುವದು ಇವುಗಳಲ್ಲಿ ಒಂದು ಕಂಡರೂ ಪಶುವೈದ್ಯರ ಬಳಿಗೆ ಒಯ್ಯತಕ್ಕದ್ದು, ನಾಳೆ ನೋಡೋಣವೆನ್ನಲಾಗದು. ಮನುಷ್ಯರ ಔಷಧವನ್ನು ಕೊಡಬೇಡಿರಿ. ಪೆನಿಸಿಲಿನ್ ಜಾತಿಯ ಮದ್ದುಗಳು ಇದರ ಕರುಳಿನ ಉಪಕಾರಿ ಜೀವಿಗಳನ್ನು ಕೊಂದು ಪ್ರಾಣಕ್ಕೇ ಎರವಾಗಬಹುದು.

ಬಾಲಿಕೆಯರೇ, ಪಂಜರದ ಪ್ರಾಣಿಯು ತನ್ನ ಊಟವನ್ನು ತಾನು ಆರಿಸಿಕೊಳ್ಳಲಾರದು. ನಿಮ್ಮ ಹೆಜ್ಜೆಯ ಸಪ್ಪಳ ಕೇಳಿದೊಡನೆ ಕೀಚುಗುಟ್ಟುವ ಅದಕ್ಕೆ ನೀವು ತಂದದ್ದೇ ಅನ್ನ. ಮುಂದೆ ನಿಮ್ಮಲ್ಲಿ ಅನೇಕರು ಕೂಸುಗಳನ್ನೂ ರೋಗಿಗಳನ್ನೂ ನೋಡಿಕೊಳ್ಳುವಿರಿ. ಕೇಳಿದ್ದನ್ನೆಲ್ಲ ಕೊಡದೆ, ಬೇಕಾದದ್ದನ್ನು ತಪ್ಪದೆ ಕೊಡುವ ಅಭ್ಯಾಸವು ಈ ಸಣ್ಣ ಪ್ರಾಣಿಯಿಂದಲೇ ಆರಂಭವಾಗಲಿ.

ಪ್ರಶ್ನೆಗಳು

1. ಗಿನಿಪಿಗ್ಗು ಬರಿಯ ಧಾನ್ಯದಿಂದ ಯಾಕೆ ಬದುಕಲಾರದು?
2. ಪೇರಲವು ಬಾಳೆಗಿಂತ ಯಾಕೆ ಉತ್ತಮ? ಒಂದು ಸಲಕ್ಕೆ ಎಷ್ಟು ಕೊಡಬೇಕು?
3. ನಿಮ್ಮ ಮನೆಯ ಗಿನಿಪಿಗ್ಗಿಗೆ ಒಂದು ವಾರದ ಆಹಾರದ ಪಟ್ಟಿಯನ್ನು ಬರೆಯಿರಿ.