ಹಿತ್ತಲಲ್ಲಿ ಶತಾವರಿ: ಬೀಜದಿಂದ ಬೇರಿನವರೆಗೆ ಒಂಬತ್ತು ಸೂತ್ರಗಳು

ಕೊಂಡ್ಲಹಳ್ಳಿ, ಮೊಳಕಾಲ್ಮುರು, ಚಳ್ಳಕೆರೆ ಕಡೆಯ ಕೆಂಪು ಮರಳು ನೆಲಕ್ಕೆ ಶೇಂಗಾ ಒಗ್ಗಿದಂತೆ ಶತಾವರಿಯೂ ಒಗ್ಗುತ್ತದೆ. ಹಲವು ಮಕ್ಕಳ ತಾಯಿ ಬೇರು ಎಂದು ಹಳಬರು ಕರೆಯುವ ಗಿಡವೇ ಇದು. ಬಾಣಂತಿಯರ ಎದೆಹಾಲಿಗೆಂದು ಆಯುರ್ವೇದ ಬಹುಕಾಲದಿಂದ ಇದನ್ನು ಬಳಸುತ್ತಿದೆ. ಮನೆಯಲ್ಲೇ ಬೀಜದಿಂದ ಬೆಳೆಸಬಹುದು. ಮಳೆ ಕಡಿಮೆ ಎಂಬ ಚಿಂತೆ ಬೇಡ, ಆತುರ ಮಾತ್ರ ಬೇಡವೇ ಬೇಡ.

1. ನೆಲಕ್ಕೆ ತಕ್ಕ ಗಿಡ ಆರಿಸಿ
ಪೇಟೆಯ ಹೋಟೆಲುಗಳಲ್ಲಿ ತರಕಾರಿಯಾಗಿ ಬಡಿಸುವ ಆಸ್ಪರಾಗಸ್ ಚಳಿನಾಡಿನದು. ವರ್ಷಕ್ಕೊಮ್ಮೆ ಚಳಿಯಲ್ಲಿ ಮಲಗಿ ಎದ್ದರೇ ಅದಕ್ಕೆ ಸುಖ. ಅದೇ ಕುಲದ ಶತಾವರಿ ನಮ್ಮ ಬಿಸಿಲನ್ನು ತಡೆಯುತ್ತದೆ, ಬೇರಿನಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಮೊದಲ ಪ್ರಯತ್ನ ಇದರಿಂದಲೇ ಆಗಲಿ.

2. ಹೊಸ ಬೀಜವನ್ನೇ ಹಿಡಿಯಿರಿ
ಹಣ್ಣು ಕೆಂಪಾದಾಗ ಕಿತ್ತು, ತಿರುಳು ಹೋಗುವಂತೆ ಉಜ್ಜಿ ತೊಳೆಯಿರಿ. ಒಳಗಿನ ಕರಿ ಬೀಜವನ್ನು ನೆರಳಲ್ಲಿ ಒಣಗಿಸಿ. ತಿರುಳು ಉಳಿದರೆ ಬೂಸ್ಟು ಹಿಡಿಯುತ್ತದೆ. ಕೊಳ್ಳುವುದಾದರೆ ಆ ವರ್ಷದ ಬೀಜವೇ ಎಂದು ಕೇಳಿ ಕೊಳ್ಳಿ. ಬೇಕಾದ್ದಕ್ಕಿಂತ ಎರಡು ಪಟ್ಟು ಬಿತ್ತಿ, ಎಲ್ಲವೂ ಮೊಳೆಯುವುದಿಲ್ಲ.

3. ಒಂದು ಹಗಲು, ಒಂದು ರಾತ್ರಿ ನೆನೆಹಾಕಿ
ಬೀಜದ ಸಿಪ್ಪೆ ಗಟ್ಟಿ. ಉಗುರುಬೆಚ್ಚಗಿನ ನೀರಿನಲ್ಲಿ 24 ಗಂಟೆ ಬಿಡಿ, ನಡುವೆ ಒಮ್ಮೆ ನೀರು ಬದಲಿಸಿ. ತೇಲುವ ಜೊಳ್ಳನ್ನು ತೆಗೆದುಹಾಕಿ. ಕುದಿಯುವ ನೀರು ಸುರಿಯಬೇಡಿ.

4. ಜೂನ್ ಹೊತ್ತಿಗೆ ಚೀಲದಲ್ಲಿ ಬಿತ್ತಿ
ಕೆಂಪುಮಣ್ಣು, ಮರಳು, ಕಳಿತ ಕುರಿಗೊಬ್ಬರ ಸಮಪಾಲು ಬೆರೆಸಿ ಸಸಿ ಚೀಲಗಳಿಗೆ ತುಂಬಿ. ಬೀಜ 1 ಸೆಂ.ಮೀ. ಆಳದಲ್ಲಿರಲಿ. ಹಸಿಗೊಬ್ಬರ ಹಾಕಿದರೆ ಗೊಣ್ಣೆಹುಳು, ಗೆದ್ದಲು ಬರುತ್ತವೆ. ಕೊಳವೆಬಾವಿ ನೀರು ಗಡುಸಾಗಿದ್ದರೆ ಸಸಿಗಳಿಗಷ್ಟಾದರೂ ಹಿಡಿದಿಟ್ಟ ಮಳೆನೀರು ಕೊಡಿ.

5. ಮೊಳಕೆಗೆ ತಿಂಗಳ ಗಡುವು ಕೊಡಿ
ಮೂರು ವಾರ ಏನೂ ಕಾಣದಿರುವುದು ಸಹಜ. ಕೆಲವು ಬೀಜ ಇನ್ನೂ ತಡಮಾಡುತ್ತವೆ. ಮಣ್ಣು ಕೆದಕಿ ನೋಡಬೇಡಿ. ತೆಳು ನೆರಳು, ಸದಾ ತುಸು ತೇವ, ಇಷ್ಟಿದ್ದರೆ ಸಾಕು. ಮೊದಲು ನೂಲಿನಂಥ ಹಸಿರು ಕಡ್ಡಿ ಏಳುತ್ತದೆ. ಅದನ್ನು ಕಳೆಯೆಂದು ಕಿತ್ತೀರಿ, ಜೋಕೆ.

6. ಏರುಮಡಿಯಲ್ಲಿ ನಾಟಿ ಮಾಡಿ
ಈ ಸೀಮೆಯಲ್ಲಿ ಮಳೆ ಕೈಹಿಡಿಯುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಸಸಿ ಗಟ್ಟಿಯಾಗಿದ್ದರೆ ಆಗಸ್ಟ್ ಕೊನೆಗೆ ನೆಲಕ್ಕಿಳಿಸಿ. ಒಂದಡಿ ಆಳ ಅಗೆದು, ಕಲ್ಲು ಆರಿಸಿ, ಮಡಿ ಏರಿಸಿ. ಗಿಡದಿಂದ ಗಿಡಕ್ಕೆ ಎರಡಡಿ ಬಿಡಿ. ಬೇರುಗಳು ಬೆರಳು ಗಾತ್ರದಲ್ಲಿ ಗೊಂಚಲಾಗಿ ಊದಲು ಸಡಿಲ ಮಣ್ಣು ಬೇಕು. ಬುಡದಲ್ಲಿ ನೀರು ನಿಂತರೆ ಆ ಗೊಂಚಲೇ ಕೊಳೆಯುತ್ತದೆ. ಜಾಗವಿಲ್ಲದವರು ಒಂದೂವರೆ ಅಡಿ ಆಳದ, ತಳದಲ್ಲಿ ತೂತಿರುವ ಕುಂಡದಲ್ಲಿ ಬೆಳೆಯಬಹುದು.

7. ಹಬ್ಬಲು ಆಸರೆ ಕೊಡಿ
ಶತಾವರಿ ಮುಳ್ಳುಬಳ್ಳಿ. ಬೇಲಿ, ಗಳ ಅಥವಾ ತಂತಿಗೆ ಹಬ್ಬಿಸಿ. ಮಕ್ಕಳು ಓಡಾಡುವ ದಾರಿ ತಪ್ಪಿಸಿ. ಎಳೆ ಬಳ್ಳಿಗೆ ಕುರಿ, ಮೇಕೆ ಬಾಯಿ ಹಾಕದಂತೆ ಮರೆಕಟ್ಟಿ.

8. ಮೊದಲ ಬೇಸಿಗೆ ದಾಟಿಸಿ
ಮೊದಲ ವರ್ಷ ಚಳಿಗಾಲದಲ್ಲಿ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ನೀರುಣಿಸಿ. ಬುಡಕ್ಕೆ ಶೇಂಗಾ ಸಿಪ್ಪೆ ಹೊದಿಸಿದರೆ ತೇವ ಆರುವುದಿಲ್ಲ, ಕಳೆಯೂ ಅಡಗುತ್ತದೆ. ಬಳ್ಳಿ ಹಳದಿಯಾಗಿ ಒಣಗಿದರೆ ಗಿಡ ಸತ್ತಿತೆಂದು ಕಿತ್ತು ಹಾಕಬೇಡಿ. ಬೇರಿಗೆ ಜೀವವಿದ್ದರೆ ಮಳೆಗೆ ಮತ್ತೆ ಚಿಗುರುತ್ತದೆ. ಮಹಾರಾಷ್ಟ್ರದ ಕೆಲವೆಡೆ ಮಳೆಗಾಲದ ಎಳೆ ಚಿಗುರನ್ನು ಪಲ್ಯ ಮಾಡುತ್ತಾರೆ. ನಿಮ್ಮ ಗಿಡ ಬಲಿತ ಮೇಲೆ ನಾಲ್ಕು ಚಿಗುರು ಮುರಿದು ನೋಡಬಹುದು.

9. ಎರಡು ವರ್ಷ ತುಂಬಿದ ಮೇಲೆ ಅಗೆಯಿರಿ
ಬಳ್ಳಿ ಹಳದಿಗೆ ತಿರುಗುವ ಚಳಿಗಾಲವೇ ಸರಿಯಾದ ಹೊತ್ತು. ಹಿಂದಿನ ದಿನ ನೀರು ಹಾಯಿಸಿ, ಬುಡದಿಂದ ದೂರಕ್ಕೆ ಹಾರೆ ಊರಿ ಮಣ್ಣು ಸಡಿಲಿಸಿ. ದಪ್ಪ ಬೇರುಗಳನ್ನಷ್ಟೇ ತೆಗೆದು, ಮೊಗ್ಗಿರುವ ಬುಡವನ್ನು ನಾಲ್ಕಾರು ಬೇರಿನೊಂದಿಗೆ ಮತ್ತೆ ನೆಡಿ. ಬೇರು ಹಸಿಯಾಗಿರುವಾಗಲೇ ಸಿಪ್ಪೆ ಸುಲಿದು, ನಡುವಿನ ನಾರು ಎಳೆದು, ನೆರಳಲ್ಲಿ ಒಣಗಿಸಿ. ಔಷಧಿಯಾಗಿ ಬಳಸುವ ಮುನ್ನ, ಅದರಲ್ಲೂ ಗರ್ಭಿಣಿಯರು ಮತ್ತು ಬೇರೆ ಔಷಧಿ ತೆಗೆದುಕೊಳ್ಳುವವರು, ವೈದ್ಯರನ್ನು ಕೇಳಲೇಬೇಕು.

ಒಂದೆರಡು ಗಿಡಗಳನ್ನು ಮಾತ್ರ ಅಗೆಯದೆ ಬೀಜಕ್ಕೆ ಬಿಡಿ. ಮಳೆ ಮುಗಿಯುವ ಹೊತ್ತಿಗೆ ಘಮಘಮಿಸುವ ಬಿಳಿ ಹೂವಿಗೆ ಜೇನು ಬರುತ್ತದೆ, ಆಮೇಲೆ ಹಣ್ಣು ಕಟ್ಟುತ್ತದೆ. ಆ ಬೀಜವನ್ನು ನೆರೆಹೊರೆಗೆ ಹಂಚಿ. ಗುಡ್ಡದ ಶತಾವರಿಯನ್ನು ಬುಡಸಮೇತ ಕಿತ್ತರೆ ಅಲ್ಲಿಗೆ ಅದರ ವಂಶ ಮುಗಿಯಿತು. ಹಿತ್ತಲಲ್ಲಿ ಬೆಳೆದವರಿಗೆ ಗುಡ್ಡಕ್ಕೆ ಗುದ್ದಲಿ ಹೊರುವ ಅಗತ್ಯವೇ ಇರುವುದಿಲ್ಲ.