ಓದುಗನ ಭಾಷೆ

ಮನೆಗೆ ಬಂದ ಅತಿಥಿಯನ್ನು ಅವನು ಬಲ್ಲ ಮಾತಿನಲ್ಲಿ ಬರಮಾಡಿಕೊಳ್ಳುವುದು ಸೌಜನ್ಯದ ಲಕ್ಷಣ. ಅತಿಥಿಯು ಎದುರಿಗಿದ್ದರೆ ಅವನ ಭಾಷೆಯನ್ನು ಕೇಳಿ ತಿಳಿಯಬಹುದು. ಆದರೆ ದೂರದ ಊರಿನಲ್ಲಿರುವ ಗಣಕಯಂತ್ರವು, ತನ್ನಿಂದ ಪುಟವೊಂದನ್ನು ಬೇಡುವ ಓದುಗನಿಗೆ ಯಾವ ಭಾಷೆ ಬೇಕೆಂಬುದನ್ನು ಹೇಗೆ ಅರಿಯಬೇಕು?

ಜಾಲತಾಣಗಳನ್ನು ತೆರೆದು ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. ಅದು ಪುಟವನ್ನು ಕೇಳುವಾಗ ತನ್ನ ಕೋರಿಕೆಯೊಡನೆ ‘ಆಕ್ಸೆಪ್ಟ್-ಲ್ಯಾಂಗ್ವೇಜ್’ ಎಂಬ ಒಂದು ಸಾಲನ್ನೂ ಕಳುಹಿಸುತ್ತದೆ. ಓದುಗನು ಬಯಸುವ ಭಾಷೆಗಳ ಪಟ್ಟಿ ಆ ಸಾಲಿನಲ್ಲಿರುತ್ತದೆ. ಭಾಷೆಗಳನ್ನು ಗುರುತಿಸಲು ಚಿಕ್ಕ ಸಂಕೇತಗಳಿವೆ: ಕನ್ನಡಕ್ಕೆ ‘ಕೆ-ಎನ್’, ಹಿಂದಿಗೆ ‘ಎಚ್-ಐ’, ಇಂಗ್ಲಿಷಿಗೆ ‘ಇ-ಎನ್’. ಪ್ರತಿ ಭಾಷೆಗೂ 0ಯಿಂದ 1ರವರೆಗೆ ತೂಕವನ್ನು ಕೊಡಬಹುದು. 1997ರಲ್ಲಿ ಪ್ರಕಟವಾದ ಎಚ್.ಟಿ.ಟಿ.ಪಿ. 1.1 ನಿಯಮಾವಳಿಯಲ್ಲಿಯೇ ಈ ಏರ್ಪಾಡು ಇದ್ದಿತು.

ಒಬ್ಬ ಓದುಗನ ಪಟ್ಟಿಯಲ್ಲಿ ಕನ್ನಡಕ್ಕೆ 1, ಇಂಗ್ಲಿಷಿಗೆ 0.7, ಹಿಂದಿಗೆ 0.5 ಎಂದಿದೆಯೆಂದು ಭಾವಿಸೋಣ. ಪುಟವು ಮೂರು ಭಾಷೆಗಳಲ್ಲಿಯೂ ಇದ್ದರೆ ಅವನಿಗೆ ಕನ್ನಡದ ಪುಟವೇ ಸಲ್ಲಬೇಕು. ಹಿಂದಿ, ಇಂಗ್ಲಿಷುಗಳಲ್ಲಿ ಮಾತ್ರ ಇದ್ದರೆ ಇಂಗ್ಲಿಷಿನದು ಸಲ್ಲಬೇಕು.

ಕೆಲವು ತಾಣಗಳು ಈ ಪಟ್ಟಿಯನ್ನು ನೋಡದೆ, ಓದುಗನು ಇರುವ ಸ್ಥಳದಿಂದ ಅವನ ಭಾಷೆಯನ್ನು ಊಹಿಸುತ್ತವೆ. ಈ ಊಹೆ ಎಷ್ಟೋ ವೇಳೆ ತಪ್ಪುತ್ತದೆ. ಸ್ವಿಟ್ಜರ್‌ಲೆಂಡಿನಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್ ಎಂಬ ನಾಲ್ಕು ರಾಷ್ಟ್ರಭಾಷೆಗಳಿವೆ. ಜಿನೀವಾ ನಗರದ ಭಾಷೆ ಫ್ರೆಂಚ್. ಅಲ್ಲಿ ನೆಲೆಸಿದ ಇಟಾಲಿಯನ್ ಭಾಷಿಕನಿಗೆ ಫ್ರೆಂಚ್ ಪುಟವನ್ನು ಒಡ್ಡಿದರೆ ಅವನ ಇಚ್ಛೆಯನ್ನು ಕಡೆಗಣಿಸಿದಂತಾಯಿತು. ದೆಹಲಿಯಲ್ಲಿರುವ ಕನ್ನಡಿಗನ ಪಾಡೂ ಇದೇ. ಮನುಷ್ಯನು ಊರನ್ನು ಬಿಟ್ಟಾಗ ಭಾಷೆಯನ್ನು ಬಿಟ್ಟು ಹೋಗುವುದಿಲ್ಲ.

ಹಾಗೆಂದು ಪಟ್ಟಿಯೂ ದೋಷರಹಿತವಲ್ಲ. ಇಂಗ್ಲಿಷಿನಲ್ಲಿ ಅಣಿಯಾಗಿ ಬಂದ ಫೋನನ್ನು ಅನೇಕರು ಹಾಗೆಯೇ ಬಳಸುತ್ತಾರೆ. ಅದರ ಬ್ರೌಸರ್ ಎಲ್ಲೆಡೆಯೂ ‘ಇಂಗ್ಲಿಷ್’ ಎಂದೇ ಸಾರುತ್ತದೆ. ಕನ್ನಡದ ಪುಟ ಸಿದ್ಧವಿದ್ದರೂ ಓದುಗನಿಗೆ ಕಾಣಿಸದೆ ಹೋಗಬಹುದು. ಮತ್ತೊಂದು ತೊಡಕೂ ಉಂಟು. ಅಪರೂಪದ ಭಾಷೆಗಳ ದೀರ್ಘ ಪಟ್ಟಿಯು, ಇತರ ವಿವರಗಳೊಡನೆ ಸೇರಿದಾಗ, ಓದುಗನನ್ನು ಪತ್ತೆಹಚ್ಚುವ ಗುರುತಾಗಬಲ್ಲುದು. ಆದುದರಿಂದ ಕೆಲವು ಬ್ರೌಸರುಗಳು ಮೊದಲನೆಯ ಭಾಷೆಯನ್ನಷ್ಟೇ ತಿಳಿಸುತ್ತವೆ.

ಈ ಕಾರಣಗಳಿಂದ ಒಳ್ಳೆಯ ತಾಣವು ಪಟ್ಟಿಯನ್ನು ಗೌರವಿಸುವುದರ ಜೊತೆಗೆ, ಭಾಷೆಯನ್ನು ಬದಲಿಸುವ ಗುಂಡಿಯನ್ನು ಪುಟದ ಮೇಲೆ ಎದ್ದು ಕಾಣುವಂತೆ ಇರಿಸುತ್ತದೆ. ಓದುಗನು ಒಮ್ಮೆ ಆರಿಸಿದುದನ್ನು ನೆನಪಿನಲ್ಲಿಡುತ್ತದೆ. ಅಲ್ಲಿ ಭಾಷೆಯ ಹೆಸರು ಅದರದೇ ಲಿಪಿಯಲ್ಲಿರಬೇಕು. ಕನ್ನಡವೊಂದನ್ನೇ ಬಲ್ಲವನು ‘ಕನ್ನಡ’ ಎಂಬ ಅಕ್ಷರಗಳನ್ನೇ ಅಲ್ಲವೇ ಹುಡುಕುವುದು?

ಊಹಿಸುವುದಕ್ಕಿಂತ ಕೇಳುವುದು ಮೇಲು. ಕೇಳುವುದು ತಾಣದ ಧರ್ಮವಾದರೆ, ಬ್ರೌಸರಿನ ಪಟ್ಟಿಯಲ್ಲಿ ತನ್ನ ನುಡಿಯನ್ನು ಮೊದಲು ಬರೆದಿಡುವುದು ಓದುಗನ ಹೊಣೆ.